ರ‍್ಯಾಂಚ್‌ನಿಂದ ನೇರವಾಗಿ ಕ್ವಾರ್ಟರ್ ಬೀಫ್ ತಗೊಳ್ಳೋದು: ನನ್ನ ಅನುಭವ

ಅಮೇರಿಕಾದ ಡೆನ್ವರ್ ಸುತ್ತಮುತ್ತ ಬೀಫ್ ತಿನ್ನೋ ಕನ್ನಡದ ಮನೆಯೋರು ಯಾರೇ ಸಿಕ್ಕಿದ್ರೂ ನನ್ನ ಮೊದ್ಲು ಕೇಳೋದು, ರ‍್ಯಾಂಚ್‌ನಿಂದ (ದನ ಸಾಕೋ ದೊಡ್ಡ ಫಾರಂ) ತಂದ್ರೆ ಪೌಂಡಿಗೆ ಎಷ್ಟು ಬೀಳತ್ತೆ ಅಂತ. ರೇಟ್ ಲೆಕ್ಕ ಆಮೇಲೆ ಹೇಳ್ತೀನಿ, ಅದಕ್ಕೂ ಮುಂಚೆ ತಿಳ್ಕೋಬೇಕಾಗಿರೋದು ಅಲ್ಲಿ ನೀವು ದುಡ್ಡು ಕೊಡೋದು ಜೀವಂತ ಇರೋ ಒಂದು ಸ್ಟಿಯರ್‌ಗೆ, ಅಂದ್ರೆ ಬೀಜ ಒಡೆಸಿದ ಹೋರಿಗೆ. ನಮ್ಮ ಹಾಸನದ ಕಡೆ ಯುಗಾದಿ ಮಾರನೇ ದಿನ ಹೊಸತೊಡಕಿಗೆ ನಾಲ್ಕೈದು ಮನೆಯೋರು ಸೇರಿ ಒಂದು ಕುರಿ ತಂದು ಗುಡ್ಡೆ ಹಾಕ್ತೀವಲ್ಲ, ಹಂಗೇ ಇಲ್ಲೂ ಪಾಲು. ಇಡೀದು ಬೇಡ್ವಾ ಅರ್ಧ ತಗೊಳ್ಳಿ, ಅದೂ ಜಾಸ್ತಿಯಾಯ್ತಾ ಕಾಲು ಪಾಲು ತಗೊಳ್ಳಿ, ಅದನ್ನೇ ಇಲ್ಲಿ ಕ್ವಾರ್ಟರ್ ಅನ್ನೋದು.

ಇದರ ಹಿಂದೆ ಕಾನೂನಿನ ಕಾರಣ ಇದೆ. ಅಮೇರಿಕಾದಲ್ಲಿ ಮಾಂಸ ಮಾರಬೇಕು ಅಂದ್ರೆ ಸರ್ಕಾರಿ ಇನ್‌ಸ್ಪೆಕ್ಟರ್ ಇರೋ ಪ್ಲಾಂಟಲ್ಲೇ ಕೊಯ್ಸಬೇಕು, ಅಂಥ ಪ್ಲಾಂಟ್‌ಗಳು ಹಳ್ಳಿ ಕಡೆ ಕಮ್ಮಿ. ಆದ್ರೆ ಪ್ರಾಣಿ ಯಾರದ್ದೋ ಅವರ ಮನೆಗೋಸ್ಕರ ಅಂತ ಕೊಯ್ದುಕೊಡೋಕೆ ಕಸ್ಟಮ್ ಪ್ರೊಸೆಸರ್‌ಗಳು ಇದಾರೆ, ಅಲ್ಲಿಂದ ಬರೋ ಪ್ರತಿ ಪ್ಯಾಕೆಟ್ ಮೇಲೂ 'ನಾಟ್ ಫಾರ್ ಸೇಲ್' ಅಂತ ಸೀಲ್ ಇರತ್ತೆ. ಕೊಲೊರಾಡೊದಲ್ಲಿ 2021ರಲ್ಲಿ ರ‍್ಯಾಂಚ್ ಟು ಪ್ಲೇಟ್ ಅನ್ನೋ ಕಾಯ್ದೆ ಬಂದ ಮೇಲೆ ರೈತರು ಹಿಂಗೆ ಪಾಲು ಲೆಕ್ಕದಲ್ಲಿ ನೇರವಾಗಿ ನಮಗೆ ಕೊಡೋದು ಇನ್ನೂ ಸಲೀಸಾಯ್ತು. ಆದ್ರಿಂದ ಪಾಲುದಾರರು ಯಾರ್ಯಾರು ಅನ್ನೋದು ಕೊಯ್ಯೋಕ್ ಮುಂಚೆನೇ ತೀರ್ಮಾನ ಆಗಿರಬೇಕು. ತಂದಿಟ್ಕೊಂಡು ಆಮೇಲೆ ಫ್ರೆಂಡ್ಸಿಗೆ ಪೌಂಡ್ ಲೆಕ್ಕದಲ್ಲಿ ಮಾರೋ ಹಾಗಿಲ್ಲ, ಮನೆಗೆ ಕರೆದು ಊಟ ಹಾಕಿದ್ರೆ ಏನೂ ತೊಂದ್ರೆ ಇಲ್ಲ. ಹಲಾಲ್ ಬೇಕಾದವರು ಪಾಲಲ್ಲಿ ಇದ್ರೆ ಅದನ್ನೂ ಅಡ್ವಾನ್ಸ್ ಕೊಡೋಕ್ ಮುಂಚೆನೇ ಪ್ರೊಸೆಸರ್ ಹತ್ರ ಕೇಳ್ಕೊಳ್ಳಿ, ಎಲ್ಲಾ ಕಡೆ ಮಾಡಲ್ಲ.

ರ‍್ಯಾಂಚಿಗೆ ಒಂದ್ಸಲ ಹೋಗ್ಬನ್ನಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಯಾಕಂದ್ರೆ 'ಗ್ರಾಸ್ ಫೆಡ್', ಅಂದ್ರೆ ಹುಲ್ಲು ಮೇಯ್ದಿದ್ದು ಅನ್ನೋ ಮಾತು ಬಹಳ ಸಡಿಲ, ಯುಎಸ್‌ಡಿಎಯ (ಅಮೇರಿಕಾದ ಕೃಷಿ ಇಲಾಖೆ) ಮಾರ್ಕೆಟಿಂಗ್ ವಿಭಾಗ ಇಟ್ಕೊಂಡಿದ್ದ ಸ್ಟಾಂಡರ್ಡನ್ನ 2016 ಜನವರಿಯಲ್ಲಿ ವಾಪಸ್ ತಗೊಂಡ್ಬಿಡ್ತು. ಎಲ್ಲಾ ಕರುಗಳೂ ಮೊದಮೊದಲು ಹುಲ್ಲೇ ಮೇಯೋದು, ಫೀಡ್‌ಲಾಟಿಗೆ (ದನಗಳನ್ನ ಕೂಡಿಹಾಕಿ ತಿನ್ನಿಸಿ ಕೊಬ್ಬಿಸೋ ಜಾಗ) ಹೋಗಿ ಕೊನೇ ನಾಲ್ಕೈದು ತಿಂಗಳು ಮುಸುಕಿನ ಜೋಳ ತಿಂದು ಕೊಬ್ಬೋದೂ ಮೊದ್ಲು ಹುಲ್ಲು ಮೇಯ್ದಿದ್ದೇ. ಅದಕ್ಕೆ ನಾನು ಕೇಳೋದು, ಕೊನೇ ದಿನದ ತನಕ ಹುಲ್ಲೇನಾ, ಚಳಿಗಾಲದಲ್ಲಿ ಏನು ಹಾಕ್ತೀರ, ಬೇಗ ಬೆಳೀಲಿ ಅಂತ ಹಾಕೋ ಹಾರ್ಮೋನ್ ಇಂಪ್ಲಾಂಟ್ ಇದೆಯಾ, ಎಷ್ಟು ತಿಂಗಳಿಗೆ ಕೊಯ್ಸ್ತೀರ ಅಂತ. ಬರೀ ಹುಲ್ಲಲ್ಲಿ ಬೆಳೆದಿದ್ದು ತಯಾರಾಗೋಕೆ ಸಾಧಾರಣವಾಗಿ ಎರಡು ವರ್ಷದ ಮೇಲೆ ಬೇಕು, ಜೋಳ ತಿಂದಿದ್ದಕ್ಕೆ ಒಂದೂವರೆ ವರ್ಷ ಸಾಕು. ಬೆಲೆ ಜಾಸ್ತಿ ಇರೋದಕ್ಕೆ ಇದೇ ದೊಡ್ಡ ಕಾರಣ.

ನಾವು ತಗೊಳ್ಳೋ ರ‍್ಯಾಂಚ್ ಕೊಲೊರಾಡೊದ ಪೂರ್ವದ ಬಯಲಲ್ಲಿದೆ, ಅಲ್ಲಿ ಮಳೆ ಕಮ್ಮಿ, ಬ್ಲೂ ಗ್ರಾಮಾ, ಬಫಲೋ ಗ್ರಾಸ್ ಅಂತ ಗೇಣುದ್ದನೂ ಬೆಳೀದ ಗಿಡ್ಡ ಹುಲ್ಲು. ನೋಡಿದ್ರೆ ಇದನ್ನ ತಿಂದು ದನ ಹೆಂಗಪ್ಪ ಬದುಕತ್ತೆ ಅನ್ಸತ್ತೆ. ರೈತ ಸಣ್ಣ ಕರೆಂಟ್ ತಂತಿ ಬೇಲಿನ ಒಂದು ಕಡೆಯಿಂದ ಕಿತ್ತು ಸುತ್ತಿದ ಕೂಡ್ಲೇ ಅಷ್ಟೂ ದನ ಯಾರೂ ಹೊಡೀದೆ ತಾವಾಗೇ ಪಕ್ಕದ ಹೊಸ ಹುಲ್ಲಿಗೆ ನಡೆದ್ವು, ಎಲ್ಲಾ ತಲೆ ಬಗ್ಗಿಸಿ ಮೇಯೋಕೆ ಶುರು ಮಾಡಿದ್ಮೇಲೆ ಹುಲ್ಲು ಕೀಳೋ ಪರಪರ ಸದ್ದು ಬಿಟ್ಟು ಬೇರೇನೂ ಕೇಳಿಸ್ತಿರಲಿಲ್ಲ. ಹಿಂದಿನ ತುಂಡು ಮತ್ತೆ ಚಿಗುರೋ ತನಕ ಅಲ್ಲಿಗೆ ದನ ಬಿಡಲ್ಲ. ದುಡ್ಡು ಯಾವ ಕೆಲಸಕ್ಕೆ ಹೋಗ್ತಿದೆ ಅಂತ ಅಲ್ಲಿ ಕಣ್ಣಿಗೆ ಕಾಣತ್ತೆ.

ಈಗ ಲೆಕ್ಕ. ಎಲ್ಲರೂ ಎಡವೋದು ಇಲ್ಲೇ. ರೇಟ್ ಹೇಳೋದು ಹ್ಯಾಂಗಿಂಗ್ ವೇಟ್ ಮೇಲೆ, ಅಂದ್ರೆ ತಲೆ, ಚರ್ಮ, ಒಳಗಿಂದೆಲ್ಲ ತೆಗೆದು ಕೊಕ್ಕೆಗೆ ನೇತುಹಾಕಿದಾಗಿನ ತೂಕ. 1150 ಪೌಂಡಿನ ಹೋರಿ ಕೊಕ್ಕೆಗೆ ಬಂದಾಗ ಸುಮಾರು 640 ಆಗತ್ತೆ, ಕಾಲು ಪಾಲಿಗೆ 160. ಅದ್ರಲ್ಲೂ ಮೂಳೆ, ಕೊಬ್ಬು, ಆರಿದ ನೀರು ಎಲ್ಲಾ ಹೋಗಿ ಮನೆಗೆ ಬರೋದು 100 ಪೌಂಡಿನ ಆಸುಪಾಸು. ಪೌಂಡಿಗೆ 5 ಡಾಲರ್ ಅಂತ ಇಟ್ಕೊಳ್ಳಿ, 160ಕ್ಕೆ 800 ಆಯ್ತು, ಕಟಿಂಗ್ ಪ್ಯಾಕಿಂಗ್‌ಗೆ ಪೌಂಡಿಗೆ ಒಂದೂಕಾಲು ಡಾಲರ್ ಅಂದ್ರೆ 200, ಕೊಯ್ಯೋ ಕೂಲಿಲಿ ನಿಮ್ಮ ಪಾಲು ಒಂದು 30. ಒಟ್ಟು 1030, ಮನೆಗೆ ಬಂದ 100 ಪೌಂಡಿಗೆ ಭಾಗಿಸಿದ್ರೆ ಪೌಂಡಿಗೆ ಹತ್ತು ಡಾಲರ್ ಚಿಲ್ಲರೆ. ಸ್ಟೇಕಿಗೂ ಅದೇ ರೇಟು, ಕೈಮಾಗೂ ಅದೇ ರೇಟು. ಕೈಮಾ ಒಂದೇ ಸಾಕು ಅನ್ನೋರಿಗೆ ಇದು ಅಗ್ಗ ಅಲ್ಲ. ಎಲ್ಲಾ ಭಾಗನೂ ತಿನ್ನೋ ಮನೆಗೆ ಮಾತ್ರ ಇದ್ರಲ್ಲಿ ಲಾಭ, ನಮ್ಮೋರು ಎಲ್ಲಾ ತಿಂತಾರಲ್ಲ ಅದೇ ನಮ್ಮ ಪ್ಲಸ್ ಪಾಯಿಂಟು.

ಕೊಯ್ದ ಮೇಲೆ ಪ್ರೊಸೆಸರ್ ಕಟ್ ಶೀಟ್ (ಯಾವ ಭಾಗ ಹೆಂಗೆ ಕತ್ತರಿಸಬೇಕು ಅಂತ ಬರೆದುಕೊಡೋ ಫಾರ್ಮು) ಕಳಿಸ್ತಾರೆ, ಇಲ್ಲ ಫೋನ್ ಮಾಡಿ ಕೇಳ್ತಾರೆ. ಅದನ್ನ 'ಸ್ಟಾಂಡರ್ಡ್' ಅಂತ ಬಿಟ್ಬಿಟ್ರೆ ಅಮೇರಿಕನ್ ಅಡುಗೆಮನೆಗೆ ತಕ್ಕಂಗೆ ಬರತ್ತೆ, ಮೂರು ಪೌಂಡಿನ ರೋಸ್ಟ್ ಗಟ್ಟಿಗಳು, ಉಳಿದಿದ್ದೆಲ್ಲ ಕೈಮಾ. ನಾನು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳ್ತೀನಿ. ಶ್ಯಾಂಕ್, ಅಂದ್ರೆ ಕಾಲಿನ ಮಾಂಸ, ಮೂಳೆ ಸಮೇತ ಒಂದೊಂದು ಇಂಚಿಗೆ ಅಡ್ಡ ಗರಗಸದಲ್ಲಿ ಕೊಯ್ಸಿ ಅಂತೀನಿ, ಆವಾಗ ನಲ್ಲಿ ಮೂಳೆ ಒಳಗಿನ ಮಜ್ಜೆ ಸಾರಿಗೆ ಇಳಿಯತ್ತೆ. ಚಕ್‌ನ (ಭುಜದ ಮಾಂಸ) ರೋಸ್ಟ್ ಮಾಡಿಸ್ದೆ ದೊಡ್ಡ ತುಂಡು ಮಾಡಿಸ್ತೀನಿ, ಪೆಪ್ಪರ್ ಫ್ರೈಗೆ ಅದಕ್ಕಿಂತ ಒಳ್ಳೇದಿಲ್ಲ. ಕತ್ತಿನ ಮೂಳೆ, ಶಾರ್ಟ್ ರಿಬ್ಸ್ ಬಿಸಾಕಬೇಡಿ ಅಂತ ಮೊದ್ಲೇ ಹೇಳ್ಬೇಕು. ಕೈಮಾನ ಎರಡು ಸಲ ರುಬ್ಬಿಸಿ ಒಂದೊಂದು ಪೌಂಡಿನ ಪ್ಯಾಕೆಟ್ ಮಾಡಿಸಿದ್ರೆ ಹುರಿಗಡಲೆ, ಕಾಯಿ, ಚಕ್ಕೆ ಲವಂಗ ಹಾಕಿ ಉಂಡೆ ಕಟ್ಟಿದಾಗ ಸಾರಲ್ಲಿ ಒಡೆಯಲ್ಲ. ಲಿವರ್, ಗುಂಡಿಗೆ, ನಾಲಿಗೆ ಬೇಕು ಅಂತ ಬರೆದು ಕೊಡಿ, ಕೇಳದೇ ಇದ್ರೆ ಎಷ್ಟೋ ಕಡೆ ಸೇರಿಸೋದೇ ಇಲ್ಲ. ನಾಲಿಗೆ ಒಂದು, ಬಾಲ ಒಂದು, ಪಾಲುದಾರರು ನಾಲ್ಕು, ಅದನ್ನ ಮುಂಚೆನೇ ಮಾತಾಡ್ಕೊಂಡಿರಿ.

ಒಂದೇ ಜಾಗದಿಂದ ಎರಡು ಥರ ಕೇಳೋಕಾಗಲ್ಲ ಅನ್ನೋದೂ ಗೊತ್ತಿರ್ಲಿ. ಟಿ ಬೋನ್ ಬೇಕು ಅಂದ್ರೆ ಟೆಂಡರ್‌ಲಾಯ್ನ್ ಬೇರೆಯಾಗಿ ಸಿಗಲ್ಲ, ಟಿ ಬೋನ್ ಮೂಳೆಯ ಒಂದು ಕಡೆ ಇರೋ ಮೆತ್ತನೆ ಮಾಂಸಾನೇ ಟೆಂಡರ್‌ಲಾಯ್ನ್. ಮತ್ತೆ ಕ್ವಾರ್ಟರ್ ಅಂದಾಗ 'ಸ್ಪ್ಲಿಟ್ ಹಾಫ್' (ಅರ್ಧದ ಮುಂದಿನ, ಹಿಂದಿನ ಎರಡೂ ಭಾಗ ಬೆರೆಸಿ ಎರಡು ಪಾಲು ಮಾಡೋದು) ಕೊಡ್ತೀರಾ ಅಂತ ಕೇಳಿ, ಇಲ್ಲಾಂದ್ರೆ ಮುಂದಿನ ಕಾಲು ಪಾಲಿನವರಿಗೆ ಒಂದು ಥರ, ಹಿಂದಿನ ಕಾಲು ಪಾಲಿನವರಿಗೆ ಇನ್ನೊಂದು ಥರ ಬಂದು ಪಾಲುದಾರರಲ್ಲಿ ಮುನಿಸಾಗತ್ತೆ. ಹ್ಯಾಂಗಿಂಗ್, ಅಂದ್ರೆ ಹದವಾಗೋಕೆ ತಣ್ಣಗಿನ ಕೋಣೇಲಿ ನೇತುಹಾಕಿ ಬಿಡೋದು, ಎಷ್ಟು ದಿನ ಅಂತಲೂ ಕೇಳ್ತಾರೆ, ಹುಲ್ಲು ಮೇಯ್ದಿದ್ದರ ಮೇಲೆ ಕೊಬ್ಬಿನ ಪದರ ತೆಳು, 10ರಿಂದ 14 ದಿನ ಸಾಕು, ಜಾಸ್ತಿ ಇಟ್ರೆ ಮೇಲೆಲ್ಲ ಒಣಗಿ ಕತ್ತರಿಸಿ ಎಸೆಯೋದು ಜಾಸ್ತಿ ಆಗತ್ತೆ.

ಫ್ರೀಜರ್ ವಿಷ್ಯ, ಕಾಲು ಪಾಲಿಗೆ 5 ಕ್ಯೂಬಿಕ್ ಅಡಿ ಚೆಸ್ಟ್ ಫ್ರೀಜರ್ ಸಾಕು. ವ್ಯಾಕ್ಯೂಮ್ ಪ್ಯಾಕ್ ಮಾಡಿಸಿ, ವರ್ಷ ಆದ್ರೂ ಚೆನ್ನಾಗಿರತ್ತೆ.

ಪ್ಯಾಕೆಟ್ ಬಿಚ್ಚಿದಾಗ ಕೊಬ್ಬು ಹಳದಿ ಇದ್ರೆ ಗಾಬರಿಯಾಗ್ಬೇಡಿ, ಹುಲ್ಲಿನ ಕ್ಯಾರೋಟಿನ್ ಅದು, ನಮ್ಮೂರ ಹಸುವಿನ ತುಪ್ಪಕ್ಕೆ ಬಣ್ಣ ಕೊಡೋದೂ ಅದೇ. ಅಂಗಡಿ ಬೀಫ್ ಲೆಕ್ಕದಲ್ಲಿ ಬೇಯಿಸಬೇಡಿ. ಸ್ಟೇಕ್ ಬೇಗ ಗಟ್ಟಿಯಾಗತ್ತೆ, ಸ್ವಲ್ಪ ಮುಂಚೆನೇ ಒಲೆಯಿಂದ ಇಳಿಸಿ. ಸಾರಿನ ತುಂಡಿಗೆ ಕುಕ್ಕರ್ ವಿಸಲ್ ಮೇಲೆ ವಿಸಲ್ ಕೂಗ್ಸೋ ಬದ್ಲು ದಪ್ಪ ತಳದ ಪಾತ್ರೇಲಿ ಸಣ್ಣ ಉರೀಲಿ ಎರಡೂವರೆ ಮೂರು ಗಂಟೆ ಬಿಡಿ, ಮುದ್ದೆಗೆ ನೆಂಚ್ಕೊಳ್ಳೋ ಹೊತ್ತಿಗೆ ನಾರು ನಾರಾಗಿ ಬಿಡಿಸ್ಕೊಂಡು ಬರತ್ತೆ.

ಬುಕಿಂಗ್ ಮಾತ್ರ ತಡ ಮಾಡ್ಬೇಡಿ. ಬೇಸಿಗೆ ಹುಲ್ಲು ತಿಂದು ಹೋರಿ ತುಂಬಿರೋದು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಅದೇ ಹೊತ್ತಿಗೆ ಇಲ್ಲಿ ಎಲ್ಕ್, ಜಿಂಕೆ ಬೇಟೆ ಸೀಸನ್ನು, ಪ್ರೊಸೆಸರ್‌ಗಳ ಹತ್ರ ಬೇಟೆಗಾರರ ಕ್ಯೂ. ವರ್ಷದ ಶುರುವಿನಲ್ಲೇ ರೈತರಿಗೆ ಫೋನ್ ಮಾಡಿ ಪಾಲಿಗೆ ಹೆಸರು ಬರೆಸಿ, ಯಾವ ಪ್ರೊಸೆಸರ್, ಯಾವ ವಾರ ಅಂತ ಆವತ್ತೇ ಕೇಳಿ ಇಟ್ಕೊಳ್ಳಿ.