ನನ್ನ ಕಲ್ಪನೆಯ ಊರು ಆಟಿಕೆಯಂತೆ ಕಾಣುತ್ತಿತ್ತು, ಸರಿ ಮಾಡಿದ್ದು ಹೀಗೆ

ಒಂದು ಗೇಮ್‌ಗಾಗಿ ಬಂಡೆಗಳ ನಡುವಿನ ಊರೊಂದನ್ನು ಬಿಡಿಸುತ್ತಿದ್ದೆ. ಎರಡು ವಾರ ಕೂತರೂ ಅದು ಮೇಜಿನ ಮೇಲಿಟ್ಟ ಆಟಿಕೆಯ ಹಾಗೇ ಇತ್ತು. ವಿವರ ಜಾಸ್ತಿ ಮಾಡಿದಷ್ಟೂ ಕೆಟ್ಟಿತು.

ಕೊನೆಗೆ ಫೈಲ್ ಮುಚ್ಚಿ, ಸ್ಕೆಚ್‌ಬುಕ್ ಹಿಡಿದು ಬೆಳಿಗ್ಗೆ ನಮ್ಮ ಚಿತ್ರದುರ್ಗದ ಕೋಟೆ ಹತ್ತಿದೆ. ಓಬವ್ವನ ಕಿಂಡಿಯಿಂದ ಒಬ್ಬರು ಬಗ್ಗಿ, ಮೈ ಕುಗ್ಗಿಸಿಕೊಂಡು ನುಸುಳಿ ಬಂದರು. ಅವರು ಪಕ್ಕದಲ್ಲಿ ನಿಂತ ಮೇಲೇ ಬಂಡೆ ಎಷ್ಟು ದೊಡ್ಡದು ಅಂತ ಕಣ್ಣಿಗೆ ಹೊಳೆಯಿತು. ನನ್ನ ಚಿತ್ರದಲ್ಲಿ ಅಳತೆ ಹೇಳುವ ಒಂದು ವಸ್ತುವೂ ಇರಲಿಲ್ಲ! ದೂರದ ಗುಡ್ಡಗಳು ತಿಳಿ ಬೂದು ಬಣ್ಣಕ್ಕೆ ತಿರುಗಿದ್ದವು. ನಾನೋ ಹತ್ತಿರಕ್ಕೂ ದೂರಕ್ಕೂ ಒಂದೇ ಕಪ್ಪು ಹಚ್ಚಿದ್ದೆ.

ಮನೆಗೆ ಬಂದು ಬೆಂಕಿಪೊಟ್ಟಣದಷ್ಟು ಚಿಕ್ಕ 12 ಸ್ಕೆಚ್ ಮಾಡಿದೆ. ಬಣ್ಣ ಇಲ್ಲ, ಮೂರೇ ಛಾಯೆ: ಹತ್ತಿರ ಗಾಢ, ನಡುವೆ ಬೂದು, ದೂರ ತಿಳಿ. ಒಂದನ್ನು ಆರಿಸಿ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಬರೀ ಡಬ್ಬಗಳಿಂದ ಜಾಗ ಕಟ್ಟಿದೆ. ಕ್ಯಾಮೆರಾವನ್ನು ಮನುಷ್ಯನ ಕಣ್ಣಿನ ಎತ್ತರಕ್ಕೆ ಇಳಿಸಿದೆ. ಮೊದಲು ಮೇಲಿನಿಂದ ನೋಡುತ್ತಿದ್ದೆ, ಆಟಿಕೆ ಅನಿಸಿದ್ದಕ್ಕೆ ಅದೂ ಕಾರಣ. ಆಮೇಲೆ ಅದರ ಮೇಲೆ ಪೇಂಟ್.

ಊರು ಅಂದ ಮೇಲೆ ನೀರು ಬೇಕಲ್ವಾ? ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ನನ್ನ ಊರಿಗೂ ಮೇಲೊಂದು ಹೊಂಡ ಇಟ್ಟೆ. ಮೆಟ್ಟಿಲು, ಓಣಿ, ಮನೆ ಎಲ್ಲ ಆ ನೀರಿನ ದಾರಿ ಹಿಡಿದು ತಾವಾಗಿಯೇ ಕೂತವು. ಕೊನೆಗೆ ಬಂಡೆಯ ಬುಡದಲ್ಲಿ ಕೊಡ ಹೊತ್ತ ಹೆಂಗಸೊಬ್ಬಳನ್ನು ಬಿಡಿಸಿದೆ, ಕಿರುಬೆರಳ ಉಗುರಿನಷ್ಟು.