ಥರ್ಮಾಮೀಟರ್ ಗೋಡೆಗೆ ನೇತುಹಾಕಿದ್ರೆ ಚಳಿ ತಿಳಿಯಲ್ಲ

ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಮೊಬೈಲ್ ನೋಡಿ ‘ಇವತ್ತು 12 ಡಿಗ್ರಿ ಅಂತೆ’ ಅಂತಾರೆ ಈಗಿನವರು. ಯಾರ ಹಿತ್ತಲಲ್ಲಿ 12? ಅದು ಊರಿಗೆಲ್ಲ ಸೇರಿಸಿ ಹಾಕಿದ ಒಂದು ಅಂದಾಜು. ನಿಮ್ಮನೆ ತಗ್ಗಲ್ಲಿದ್ರೆ ರಾತ್ರಿ ತಣ್ಣನೆ ಗಾಳಿ ಭಾರವಾಗಿ ಇಳ್ಕೊಂಡು ಬಂದು ಅಲ್ಲೇ ಕೂತ್ಬಿಡುತ್ತೆ, ದಿಬ್ಬದ ಮೇಲಿನವರಿಗಿಂತ ಎರಡು ಮೂರು ಡಿಗ್ರಿ ಕಡಿಮೆ ಇದ್ರೂ ಆಶ್ಚರ್ಯ ಇಲ್ಲ. ಚಳಿಗಾಲದ ಒಂದೇ ಒಂದು ತಿಂಗಳು ದಿನಾ ನಿಮ್ಮನೆ ಥರ್ಮಾಮೀಟರ್ ನೋಡಿ ಬರೆದಿಟ್ಕೊಳ್ರಪ್ಪಾ, ಯಾವತ್ತು ಕಂಬಳಿ ಒಗೀಬೇಕು, ಯಾವತ್ತು ಗಿಡ ಮುಚ್ಚಬೇಕು ಅಂತ ಯಾರನ್ನೂ ಕೇಳ್ಬೇಕಾಗಿಲ್ಲ.

ಬರೀತೀನಿ ಅಂತ ಹೊರಟೋರು ಮಾಡೋದೇನು, ಥರ್ಮಾಮೀಟರ್ ತಂದು ಬಿಸಿಲು ಬೀಳೋ ಗೋಡೆಗೆ ಮೊಳೆ ಹೊಡೆದು ನೇತುಹಾಕ್ತಾರೆ! ಅದು ಗೋಡೆ ಕಾವು ಹೇಳುತ್ತೆ, ಗಾಳಿದಲ್ಲ. ನೆರಳಿರಬೇಕು, ನಾಲ್ಕೂ ಕಡೆ ಗಾಳಿ ಆಡಬೇಕು, ಹೆಚ್ಚುಕಮ್ಮಿ ಎದೆ ಮಟ್ಟದಲ್ಲಿರಬೇಕು. ಹವಾಮಾನದವರು ಬಿಳಿ ಬಣ್ಣ ಬಳಿದ, ಓರೆ ಪಟ್ಟಿ ಜೋಡಿಸಿದ ಪೆಟ್ಟಿಗೆಯಲ್ಲಿ ಇಡೋದು ಸುಮ್ನೆ ಅಲ್ಲ, ಸ್ಟೀವನ್ಸನ್ ಪೆಟ್ಟಿಗೆ ಅಂತಾರೆ ಅದಕ್ಕೆ. ಓದೋವಾಗ ಮೂತಿ ಹತ್ರ ತಗೊಂಡು ಹೋಗಿ ಉಸಿರು ಬಿಡ್ಬೇಡಿ. ನಮ್ಮಪ್ಪ ಪಕ್ಕಕ್ಕೆ ನಿಂತು, ಉಸಿರು ಹಿಡಿದು, ಮೊದ್ಲು ಪಾಯಿಂಟ್ ಆದ್ಮೇಲಿನ ಅಂಕಿ ಓದಿ ಆಮೇಲೆ ಡಿಗ್ರಿ ಓದ್ತಿದ್ರು, ನಮ್ಮ ಮೈ ಕಾವಿಗೆ ಮೊದ್ಲು ಬದಲಾಗೋದೇ ಆ ಸಣ್ಣ ಅಂಕಿ ಅಂತ. ಹಳೇ ಲೆಕ್ಕದ ಪುಸ್ತಕದ ಹಿಂಬದಿ, ಪೆನ್ಸಿಲ್ಲಲ್ಲಿ, ಒಂದು ದಿನಾನೂ ತಪ್ಪಿಸದೆ ಬರೆದಿದ್ರು. ಇನ್ನೊಂದು, ಅತೀ ಚಳಿ ಇರೋದು ನಡುರಾತ್ರಿ ಅಲ್ಲ, ಸೂರ್ಯ ಹುಟ್ಟೋ ಹೊತ್ತಿಗೆ, ಆಗ ನೋಡಿ. ಏಳೋಕಾಗಲ್ಲ ಅನ್ನೋರು ಗರಿಷ್ಠ ಕನಿಷ್ಠ ಎರಡನ್ನೂ ಹಿಡಿದಿಡೋ ಯು ಆಕಾರದ್ದು ತಗೊಳ್ಳಿ, ಜೇಮ್ಸ್ ಸಿಕ್ಸ್ ಅನ್ನೋರು 1780ರಲ್ಲೇ ಮಾಡಿಟ್ಟಿದಾರೆ, ನಿಮಗೆ ನೆಪ ಹೇಳೋಕೆ ಜಾಗ ಇಲ್ಲ.

ಈಗ ನಾನು ಪ್ರಾಣ ಹೋದ್ರೂ ಬಿಡದ ವಿಷಯಕ್ಕೆ ಬರ್ತೀನಿ, ಗಾಳೀಲಿ ತೇವ ಎಷ್ಟಿದೆ ಅಂತ ಹೇಳೋ ಒದ್ದೆ ಬಟ್ಟೆ ಥರ್ಮಾಮೀಟರ್. ಗಾಜಿನದೇ ಎರಡು ತಗೊಳ್ಳಿ, ಒಂದು ರಾತ್ರಿ ಜೊತೇಲಿಟ್ಟು ಎರಡೂ ಒಂದೇ ತೋರಿಸುತ್ತಾ ನೋಡಿ, ಇಲ್ಲಾಂದ್ರೆ ಎಷ್ಟು ಫರಕು ಅಂತ ಬರ್ಕೊಳ್ಳಿ. ಒಂದರ ಬುರುಡೆಗೆ ತೆಳ್ಳನೆ ಮಲ್ ಬಟ್ಟೆ, ಹಳೇದು, ಚೆನ್ನಾಗಿ ಸವೆದಿದ್ದು, ಬರೀ ನೀರಲ್ಲಿ ನಾಲ್ಕೈದು ಸಲ ಜಾಲಿಸಿದ್ದು. ಸೋಪಿನ ಅಂಶ ಇದ್ರೆ ನೀರು ಸರಿಯಾಗಿ ಏರಲ್ಲ. (ಟವೆಲ್‌ಗೆ ಸಾಫ್ಟ್‌ನರ್ ಸುರಿದು ಮೈ ಒರೆಸಿದ್ರೆ ನೀರೇ ಹೀರಲ್ಲ ಅಂತ ಗೊಣಗ್ತೀರಲ್ಲ, ಅದೂ ಇದೇ ಕಥೆ, ನಿಲ್ಲಿಸಿ ಅದನ್ನ.) ಒಂದೇ ಸುತ್ತು, ಸುಕ್ಕಿಲ್ಲದ ಹಾಗೆ, ಬುರುಡೆ ಪೂರ್ತಿ ಮುಚ್ಚಿ ಒಂಚೂರು ಮೇಲಕ್ಕೂ ಬರೋ ಹಾಗೆ ದಾರ ಕಟ್ಟಿ. ಬೆರಳಿನ ಜಿಡ್ಡು ತಾಗಿಸ್ಬೇಡಿ. ಬಟ್ಟೆ ಬಾಲ ಸಣ್ಣ ಬಾಯಿ ಸೀಸೆಯೊಳಗೆ ಇಳೀಲಿ, ಸೀಸೆ ಒಂಚೂರು ದೂರ ಇರಲಿ. ನೀರು ಡಿಸ್ಟಿಲ್ಡ್ ಅಥವಾ ಮಳೆದು, ಗಡಸು ನೀರು ಹಾಕಿದ್ರೆ ವಾರಕ್ಕೇ ಬಟ್ಟೆ ಬಿಳಿ ಕಟ್ಟಿ ಗಟ್ಟಿಯಾಗುತ್ತೆ. ಆಮೇಲೆ ನೋಟ್‌ಬುಕ್ಕಲ್ಲಿ ಗಾಳಿ ಹಾಕಿ, ಬೀಸ್ತಾ ಇರಿ, ಇಳಿಯುತ್ತೆ ಇಳಿಯುತ್ತೆ, ಒಂದು ಕಡೆ ನಿಲ್ಲುತ್ತೆ, ಅದನ್ನ ಬರ್ಕೊಳ್ಳಿ. ಅರ್ಧಕ್ಕೆ ಕೈ ನೋವು ಅಂತ ಬಿಟ್ರೆ ಲೆಕ್ಕ ಸುಳ್ಳು.

ಒಣಗಿದ್ದು 20 ತೋರಿಸಿ ಒದ್ದೇದು 14 ತೋರಿಸಿದ್ರೆ ಗಾಳೀಲಿ ತೇವ ಸುಮಾರು 50 ಪರ್ಸೆಂಟು, ಕಂಬಳಿ ಒಗೀರಿ. ಒದ್ದೇದು 18 ತೋರಿಸಿದ್ರೆ ತೇವ 80 ದಾಟಿದೆ, ಬಕೆಟ್ ಮುಟ್ಬೇಡಿ, ಮೂರು ದಿನ ಆದ್ರೂ ಮುಗ್ಗುಲು ವಾಸನೆ ಹೋಗಲ್ಲ. ಒಣಗಿದ್ರೂ ಇಬ್ಬನಿ ಬೀಳೋ ಮುಂಚೆ, ಬಿಸಿಲಿರುವಾಗ್ಲೇ ಒಳಗೆ ತನ್ನಿ.

ಗಿಡದ್ದೂ ಹೇಳ್ಬಿಡ್ತೀನಿ. ಮೋಡ ಇದ್ದ ರಾತ್ರಿ ಹೊದಿಕೆ ಹೊದ್ದ ಹಾಗೆ, ನೆಲದ ಕಾವು ಅಷ್ಟು ಬೇಗ ಹೋಗಲ್ಲ. ಸಂಜೆ ಆಕಾಶ ತಿಳಿಯಾಗಿ, ಎಲೆ ಅಲ್ಲಾಡದೆ ನಿಂತಿದ್ರೆ ಆ ರಾತ್ರಿ ಮುಚ್ಚಲೇಬೇಕು. ಒಂದು ವರ್ಷ ಎದೆ ಮಟ್ಟದಲ್ಲಿ 3 ಡಿಗ್ರಿ ಇದೆ, ಪರವಾಗಿಲ್ಲ ಅಂತ ಬಿಟ್ಟಿದ್ದೆ, ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗೆ, ಎಳೇ ಸಸಿಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ವು. ನೆಲದ ಹತ್ರ ಇನ್ನೂ ತಣ್ಣಗಿರುತ್ತೆ. ಅವತ್ತಿಂದ ಪುಸ್ತಕದಲ್ಲಿ ನೆಲದ ಮಟ್ಟದ ಡಿಗ್ರಿ ಬರೆಯೋಕೆ ‘ಹುಲ್ಲು’ ಅಂತ ಒಂದು ಕಾಲಂ ಜಾಸ್ತಿ ಹಾಕಿದೀನಿ, ನೀವೂ ಮೊದಲ ದಿನವೇ ಹಾಕ್ಕೊಳ್ಳಿ.