ಕೊನೆಯವರು ಯಾರು? ಕ್ಯೂಬಾದ ಸಾಲುಗಳಲ್ಲಿ ಒಂದು ತಿಂಗಳು

"ಎಲ್ ಉಲ್ತಿಮೊ?" ಕೊನೆಯವರು ಯಾರು ಅಂತ ಅರ್ಥ. ಕ್ಯೂಬಾದಲ್ಲಿ ಸಾಲಿಗೆ ಸೇರುವಾಗ ಕೇಳುವ ಮಾತು ಇದು. ಅಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲುವುದು ಕಡಿಮೆ. ನೆರಳಲ್ಲಿ, ಕಟ್ಟೆ ಮೇಲೆ, ಎದುರು ಮನೆಯ ಮೆಟ್ಟಿಲ ಮೇಲೆ ಚದುರಿ ಕೂತಿರುತ್ತಾರೆ. ಹೊಸದಾಗಿ ಬಂದವರು ಕೂಗಿ ಕೇಳುತ್ತಾರೆ. ಯಾರೋ ಒಬ್ಬರು ಕೈ ಎತ್ತುತ್ತಾರೆ. ಅವರ ಮುಖ ನೆನಪಿಟ್ಟುಕೊಂಡರೆ ಸಾಕು, ನಿಮ್ಮ ಜಾಗ ಗಟ್ಟಿ. 2019ರಲ್ಲಿ ಫ್ರೀಲಾನ್ಸ್ ಪತ್ರಕರ್ತನಾಗಿ ಒಂದು ತಿಂಗಳು ಅಲ್ಲಿದ್ದು ನಾನು ಬರೆದು ತಂದದ್ದೆಲ್ಲ ಈ ಎರಡು ಪದಗಳಿಂದ ಸಿಕ್ಕಿದ್ದು.

ನಮ್ಮಪ್ಪ ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿದ್ದರು. ಮನೆ ಗೋಡೆ ಮೇಲೆ ದೇವರ ಪಟದ ಪಕ್ಕ ಕ್ಯೂಬಾ ಕ್ರಾಂತಿಯ ನಾಯಕ ಚೆ ಗೆವಾರನ ಪಟ. 1992ರಲ್ಲಿ, ಸೋವಿಯತ್ ಒಕ್ಕೂಟ ಮುರಿದುಬಿದ್ದು ಕ್ಯೂಬಾ ಹಸಿದಿದ್ದಾಗ, ನಮ್ಮ ದೇಶದ ಎಡಪಕ್ಷಗಳು ಹತ್ತು ಸಾವಿರ ಟನ್ ಗೋಧಿ ಕೂಡಿಸಿ ಹಡಗಿನಲ್ಲಿ ಕಳಿಸಿದವು. ಅದಕ್ಕೆ ಅಪ್ಪ ಐವತ್ತು ರೂಪಾಯಿ ಕೊಟ್ಟರು. ಅವತ್ತಿನ ನಮ್ಮ ಮನೆಗೆ ಅದು ದೊಡ್ಡ ದುಡ್ಡು. ನನಗಾಗ ಹನ್ನೊಂದು ವರ್ಷ. ಆ ಗೋಧಿ ಯಾರ ಹೊಟ್ಟೆ ಸೇರಿತು ಅಂತ ಒಂದು ದಿನ ನಾನೇ ಹೋಗಿ ಕೇಳಬೇಕು ಅಂತ ಅವತ್ತೇ ಮನಸ್ಸಿಗೆ ಬಂದಿತ್ತು.

ಹೊರಡುತ್ತೇನೆ ಎಂದಾಗ ನಂಬಿದವರು ಯಾರೂ ಇಲ್ಲ. ಪತ್ರಿಕೆಯ ಬೆಂಬಲ ಇಲ್ಲ, ದುಭಾಷಿ ಇಲ್ಲ, ಕೈಯಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ದುಡ್ಡು. "ಅಲ್ಲಿ ನಿನ್ನ ಹತ್ತಿರ ಯಾರು ಬಾಯಿ ಬಿಡ್ತಾರೆ?" ಅಂದರು ಒಬ್ಬ ಹಿರಿಯರು. ಟೂರಿಸ್ಟ್ ಕಾರ್ಡ್‌ನಲ್ಲಿ ಸುಮ್ನೆ ಹೋಗಿ ಬಾ ಎಂದವರೂ ಇದ್ದರು. ನಾನು ಒಪ್ಪಲಿಲ್ಲ. ಪತ್ರಕರ್ತರಿಗೆ ಡಿ-6 ವೀಸಾ ಬೇಕು, ರಾಜಧಾನಿ ಹವಾನಾದಲ್ಲಿ ಅಕ್ರೆಡಿಟೇಶನ್, ಅಂದರೆ ಸರ್ಕಾರದ ಮಾನ್ಯತೆ ಬೇಕು. ಎರಡನ್ನೂ ಮಾಡಿಸಿದೆ. ಫ್ರೀಲಾನ್ಸರ್ ಆಗಿ ಆ ಅರ್ಜಿಗೆ ಯಾವ ಪತ್ರ ಲಗತ್ತಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಾಲ್ಕು ತಿಂಗಳು ಒದ್ದಾಡಿ ಕಲಿತದ್ದು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮುಂಬೈ, ಇಸ್ತಾಂಬುಲ್, ಹವಾನಾ ಟಿಕೆಟ್ ಹೋಗಿ ಬರಲು 82 ಸಾವಿರದ ಆಸುಪಾಸು. ವೀಸಾ, ಅಕ್ರೆಡಿಟೇಶನ್, ಕಾಗದಪತ್ರ ಸೇರಿ 12 ಸಾವಿರ. ಮನೆಗಳಲ್ಲಿ ಬಾಡಿಗೆ ಕೋಣೆ ಸಿಗುತ್ತದೆ, ಕಾಸಾ ಪರ್ತಿಕುಲಾರ್ ಎನ್ನುತ್ತಾರೆ. ರಾತ್ರಿಗೆ 20 ಸಿಯುಸಿಯಂತೆ (ಆಗ ಚಲಾವಣೆಯಲ್ಲಿದ್ದ ಕ್ಯೂಬಾದ ಒಂದು ಕರೆನ್ಸಿ) ತಿಂಗಳಿಗೆ 43 ಸಾವಿರ. ಊಟ 15, ಓಡಾಟ 10. ಚಿಲ್ಲರೆ ಖರ್ಚೆಲ್ಲ ಸೇರಿ 1 ಲಕ್ಷ 70 ಸಾವಿರದೊಳಗೆ ಮುಗಿಸಿದೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಇಷ್ಟರಲ್ಲಿ ಒಂದು ತಿಂಗಳು ಓಡಾಡಿ ಬಂದವರನ್ನು ನಾನು ಇನ್ನೂ ನೋಡಿಲ್ಲ.

ಪೆಟ್ಟು ತಿಂದದ್ದೂ ಇದೆ. 500 ಡಾಲರ್ ನಗದು ಒಯ್ದಿದ್ದೆ. ಆಗ ಡಾಲರ್ ಬದಲಾಯಿಸಿದರೆ ಶೇಕಡ 10 ದಂಡ ಹಿಡಿಯುತ್ತಿದ್ದರು, ಯೂರೊಗೆ ಅದು ಇರಲಿಲ್ಲ. ಮೂರೂವರೆ ಸಾವಿರ ರೂಪಾಯಿ ಒಂದೇ ಕಿಟಕಿಯಲ್ಲಿ ಹೋಯಿತು. ನನ್ನ ಎರಡು ಕಾರ್ಡುಗಳಲ್ಲಿ ಒಂದೂ ನಡೆಯಲಿಲ್ಲ. ಪುಣ್ಯಕ್ಕೆ ಉಳಿದದ್ದೆಲ್ಲ ಯೂರೊ ನೋಟಿನಲ್ಲಿತ್ತು.

ಅದಕ್ಕಿಂತ ದೊಡ್ಡ ಸೋಲು ಮೊದಲ ಎಂಟು ದಿನ. ಕೈಯಲ್ಲಿ ನೋಟ್‌ಬುಕ್ ಹಿಡಿದು "ಕ್ರಾಂತಿ ಬಗ್ಗೆ ಏನಂತೀರಿ?" ಅಂತ ಕೇಳುತ್ತಿದ್ದೆ. ಕೆಲವರು ಗೋಡೆಬರಹ ಓದಿದ ಹಾಗೆ ಉತ್ತರಿಸಿದರು. ಕೆಲವರು ನಕ್ಕು ನಡೆದರು. ಎಂಟು ದಿನಕ್ಕೆ ಎರಡು ಪುಟವೂ ತುಂಬಲಿಲ್ಲ. ಒಂಬತ್ತನೇ ದಿನ ಮನೆಯೊಡತಿಗೆ ಕಾಲು ನೋವು. ತಮ್ಮ ಲಿಬ್ರೆತಾ ಕೊಟ್ಟು ಬ್ರೆಡ್ ತರಲು ಕಳಿಸಿದರು. ಲಿಬ್ರೆತಾ ಅಂದರೆ 1962ರಿಂದ ನಡೆದುಬಂದ ರೇಷನ್ ಪುಸ್ತಕ. ಆಗ ತಲೆಗೆ ದಿನಕ್ಕೊಂದು ಬನ್ನು, ತಿಂಗಳಿಗೆ ಏಳು ಪೌಂಡ್ ಅಕ್ಕಿ, ಐದು ಮೊಟ್ಟೆ, ಒಂದು ಸಣ್ಣ ಪೊಟ್ಟಣ ಕಾಫಿ ಪುಡಿ ಸಿಗುತ್ತಿತ್ತು. ಅಂಗಡಿಯವನು ಪೆನ್ಸಿಲ್ಲಿನಿಂದ ಆ ದಿನದ ಚೌಕಕ್ಕೆ ಗೀಟು ಹಾಕುತ್ತಾನೆ. ನ್ಯಾಯಬೆಲೆ ಅಂಗಡಿ ಮುಂದೆ ನಿಂತು ಬೆಳೆದ ನನಗೆ ಅದು ಪರಕೀಯ ಅನ್ನಿಸಲೇ ಇಲ್ಲ.

ಅವತ್ತು ನೋಟ್‌ಬುಕ್ ಇರಲಿಲ್ಲ, ಕೈಯಲ್ಲಿ ಬಟ್ಟೆ ಚೀಲ ಇತ್ತು. ಭಾರತದವನು ರೇಷನ್ ಪುಸ್ತಕ ಹಿಡಿದು ನಿಂತದ್ದು ನೋಡಿ ಜನರೇ ಮಾತಿಗೆ ಬಂದರು. ನಲವತ್ತು ನಿಮಿಷದಲ್ಲಿ ಎಂಟು ದಿನದ್ದಕ್ಕಿಂತ ಜಾಸ್ತಿ ಸಿಕ್ಕಿತು. ಮಗ ಮಯಾಮಿಯಲ್ಲಿದ್ದಾನೆ ಅಂತ ಕಣ್ಣೊರೆಸಿಕೊಂಡವರು, ಮೊಮ್ಮಗಳ ಆಪರೇಷನ್‌ಗೆ ಒಂದು ಪೈಸೆ ಖರ್ಚಾಗಲಿಲ್ಲ ಎಂದವರು, ಸಂಬಳ ಹತ್ತು ದಿನಕ್ಕೂ ಸಾಲದು ಅಂತ ಬೈದವರು, ಎಲ್ಲರೂ ಅದೇ ಸಾಲಿನಲ್ಲಿದ್ದರು. ಅವತ್ತಿನಿಂದ ದಿನಕ್ಕೆ ಎರಡು ಸಾಲು ಅಂತ ನಿಯಮ ಮಾಡಿಕೊಂಡೆ. ಬೆಳಗ್ಗೆ ಬ್ರೆಡ್, ಮಧ್ಯಾಹ್ನ ಕೊಪ್ಪೆಲಿಯಾ ಐಸ್‌ಕ್ರೀಮ್ ಅಥವಾ ಬಸ್ಸು. ಬರೆದುಕೊಳ್ಳುವುದು ರಾತ್ರಿ, ಕೋಣೆಗೆ ಬಂದ ಮೇಲೆ. ಹೆಸರು ಯಾರದ್ದೂ ಬರೆಯಲಿಲ್ಲ. ಅಷ್ಟು ಮಾತು ರಾತ್ರಿವರೆಗೆ ನೆನಪಿಟ್ಟುಕೊಳ್ಳಲು ನನ್ನದೇ ಒಂದು ಉಪಾಯ ಇದೆ. ಅದು ನನ್ನಲ್ಲೇ ಇರಲಿ.

ಸಾಲುಗಳೇನೋ ಬೇಕಾದಷ್ಟಿದ್ದವು. ಆ ಸೆಪ್ಟೆಂಬರ್‌ನಲ್ಲಿ, ವೆನೆಜುವೆಲಾದಿಂದ ಎಣ್ಣೆ ತರುವ ಹಡಗುಗಳ ಮೇಲೆ ಅಮೆರಿಕ ನಿರ್ಬಂಧ ಹೇರಿ, ದೇಶದಲ್ಲಿ ಡೀಸೆಲ್‌ಗೆ ಬರ ಬಂದಿತ್ತು. ಅಧ್ಯಕ್ಷ ದಿಯಾಸ್-ಕನೆಲ್ ಟಿವಿಯಲ್ಲಿ ಬಂದು ಇದು ತಾತ್ಕಾಲಿಕ ಪರಿಸ್ಥಿತಿ ಎಂದರು. ಅವರು ಬಳಸಿದ 'ಕೊಯುಂತುರಾ' ಅನ್ನುವ ಪದ ಎಲ್ಲರ ಬಾಯಲ್ಲೂ ಕುಣಿಯಿತು. ಚೆ ಸಮಾಧಿ ಇರುವ ಸಾಂತಾ ಕ್ಲಾರಾಕ್ಕೆ ನನಗೆ ಬಸ್ ಟಿಕೆಟ್ ಸಿಗಲಿಲ್ಲ. ಹೆದ್ದಾರಿಯಲ್ಲಿ 'ಅಮರಿಯೊ' ಅನ್ನುವ ಸರ್ಕಾರಿ ನೌಕರರಿರುತ್ತಾರೆ. ಹಳದಿ ಸಮವಸ್ತ್ರ. ಸರ್ಕಾರಿ ವಾಹನ ಖಾಲಿ ಬಂದರೆ ಕೈ ಅಡ್ಡ ಹಿಡಿದು ನಿಲ್ಲಿಸಿ ಜನರನ್ನು ಹತ್ತಿಸುವುದೇ ಅವರ ಕೆಲಸ. ಅಲ್ಲೂ ಸಾಲು, ಅಲ್ಲೂ "ಎಲ್ ಉಲ್ತಿಮೊ?" ಮೂರು ಟ್ರಕ್ ಬದಲಿಸಿ, ಸಿಮೆಂಟ್ ಧೂಳಿನಲ್ಲಿ ಮುಳುಗಿ ಅಕ್ಟೋಬರ್ 7ರ ರಾತ್ರಿ ತಲುಪಿದೆ. ಮರುದಿನ ಚೆ ಸ್ಮರಣೆ. ಒಂದನೇ ಕ್ಲಾಸಿನ ಮಕ್ಕಳಿಗೆ ನೀಲಿ ಸ್ಕಾರ್ಫ್ ಕಟ್ಟುವ ದಿನ. ಒಬ್ಬ ತಾಯಿ ಮಂಡಿಯೂರಿ ಮಗನ ಗಂಟನ್ನು ಮೂರು ಸಲ ಬಿಚ್ಚಿ ಕಟ್ಟಿದಳು. ನಮ್ಮ ಮನೆಯ ಪಟ ನೆನಪಾಗಿ ಗಂಟಲು ಕಟ್ಟಿತು.

ಚಿಕ್ಕಮಗಳೂರಿನಿಂದ ಎರಡು ಕೆಜಿ ಕಾಫಿ ಪುಡಿ, ಒಂದು ಸ್ಟೀಲ್ ಫಿಲ್ಟರ್ ಒಯ್ದಿದ್ದೆ. ಅವರ ರೇಷನ್ ಕಾಫಿಗೆ ಹುರಿದ ಬಟಾಣಿ ಬೆರೆಸಿರುತ್ತಾರೆ, ನಮ್ಮದಕ್ಕೆ ಚಿಕೋರಿ. ಸಾಂತಿಯಾಗೊದಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ಆರು ಜನರಿಗೆ ಕುಡಿಸಿದೆ. ನಾಲ್ವರು ನಮ್ಮದಕ್ಕೆ ಮತ ಹಾಕಿದರು. ಆದರೆ ಹಾಲು ಹಾಕಲು ಒಬ್ಬರೂ ಬಿಡಲಿಲ್ಲ. ಬಟಾಣಿ ಕಾಫಿಯನ್ನು ನಾನು ನಮ್ಮ ಫಿಲ್ಟರ್‌ಗೆ ಹಾಕಿ ನೋಡಿದೆ, ಇಳಿಯಲೇ ಇಲ್ಲ.

ಅದೇ ಊರಿನ ಸಾಂತಾ ಇಫಿಹೆನಿಯಾ ಸ್ಮಶಾನದಲ್ಲಿ ಫಿಡೆಲ್ ಕ್ಯಾಸ್ಟ್ರೊ ಸಮಾಧಿ ಇದೆ. ದೊಡ್ಡದೊಂದು ಬಂಡೆ. ಮೇಲೆ 'ಫಿಡೆಲ್' ಅಂತ ಒಂದೇ ಪದ. ನನಗೆ ಅಲ್ಲಿ ಮಾತು ಹೊರಡಲಿಲ್ಲ. ಅಲ್ಲೂ ಸಾಲಿತ್ತು.

ಗೋಧಿ ವಿಷಯ ಎಲ್ಲ ಕಡೆ ಕೇಳಿದೆ. ಮೂವತ್ತು ಜನರನ್ನಾದರೂ ಕೇಳಿರಬೇಕು. ನೆನಪಿದ್ದದ್ದು ಮೂವರಿಗೆ. ಒಬ್ಬರು ಹವಾನಾದ ನಿವೃತ್ತ ಶಿಕ್ಷಕಿ. 1961ರ ಸಾಕ್ಷರತಾ ಆಂದೋಲನದಲ್ಲಿ ಹದಿನೈದನೇ ವಯಸ್ಸಿಗೆ ಲಾಟೀನು, ಹಾಸುಜೋಲಿ ಹೊತ್ತು ಹಳ್ಳಿಗೆ ಹೋಗಿ ರೈತರಿಗೆ ಅಕ್ಷರ ಕಲಿಸಿದವರು. "ಇಂಡಿಯಾದ ಬ್ರೆಡ್ಡು, ಸ್ವಲ್ಪ ಕಂದು ಬಣ್ಣ" ಎಂದರು. ಬೆರಳಿನಿಂದ ಮೇಜಿನ ಮೇಲೆ ಅದರ ಅಳತೆ ಬರೆದು ತೋರಿಸಿದರು. ಅಪ್ಪನ ಐವತ್ತು ರೂಪಾಯಿ ಕಥೆ ಹೇಳಿದೆ. ಎದ್ದು ಬಂದು ನನ್ನ ತಲೆ ಮೇಲೆ ಕೈಯಿಟ್ಟರು.

ಏಳು ಲೇಖನಗಳಿಂದ ಬಂದದ್ದು 30 ಸಾವಿರದಷ್ಟು. ಈ ಓಡಾಟಕ್ಕೆ ಮಾಡಿದ್ದ ಸೊಸೈಟಿ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು. ಬಾಯಿ ಬಿಡಲ್ಲ ಎಂದಿದ್ದ ಹಿರಿಯರು ಏಳನ್ನೂ ಓದಿ ಫೋನ್ ಮಾಡಿದರು. ಫಿಲ್ಟರನ್ನು ಆ ಟೀಚರ್ ಮನೆಯಲ್ಲೇ ಬಿಟ್ಟು ಬಂದೆ. ಪುಡಿ ಮುಗಿದಿದೆ ಅಂತ ಮೊಮ್ಮಗಳಿಂದ ಸಂದೇಶ ಬಂದಿತ್ತು.